ದಕ್ಷಿಣಾರ್ಧಗೋಳದ ವಸಂತ: ತ್ರಿಶಂಕು ಮರೆಗೆ, ಮೆಜೆಲನ್ ಮೋಡಗಳು ಮೇಲಕ್ಕೆ

ದಕ್ಷಿಣಾರ್ಧಗೋಳದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ವಸಂತ ಋತು. ಆ ದಿನಗಳಲ್ಲಿ ಸಿಡ್ನಿಗೆ ತೆರಳುವವರು ರಾತ್ರಿಯಾಗಸದಲ್ಲಿ ಮೊದಲು ಹುಡುಕುವುದು ಆಸ್ಟ್ರೇಲಿಯಾದ ಬಾವುಟದಲ್ಲಿರುವ ತ್ರಿಶಂಕುವನ್ನು. ನಿರಾಸೆಯೇ ಹೆಚ್ಚು. ಅಕ್ಟೋಬರ್ ಮಧ್ಯಭಾಗದಲ್ಲಿ ರಾತ್ರಿ ಹತ್ತರ ವೇಳೆಗೆ ಅದು ದಕ್ಷಿಣ ದಿಗಂತದ ಅಂಚಿಗಿಳಿದು ಕಟ್ಟಡಗಳ ಹಿಂದೆ ಅಡಗಿರುತ್ತದೆ.

ಈ ಋತುವಿನ ನಿಜವಾದ ಸಂಪತ್ತು ಆಗ್ನೇಯದಲ್ಲಿದೆ. ಆಕಾಶಗಂಗೆಯಿಂದ ಹರಿದು ಬಿದ್ದ ಎರಡು ತುಣುಕುಗಳಂತೆ ತೋರುವ ಮೆಜೆಲನ್ ಮೋಡಗಳು ವಾಸ್ತವದಲ್ಲಿ ನೆರೆಯ ಗೆಲಾಕ್ಸಿಗಳು. ದೊಡ್ಡದು ಸುಮಾರು 1.6 ಲಕ್ಷ, ಚಿಕ್ಕದು ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿವೆ. 1604ರ ನಂತರ ಮಾನವ ಕಂಡ ಅತ್ಯಂತ ಪ್ರಕಾಶಮಾನ ಸೂಪರ್‌ನೋವಾ 1987ರ ಫೆಬ್ರುವರಿಯಲ್ಲಿ ಗೋಚರಿಸಿದ್ದು ದೊಡ್ಡ ಮೋಡದಲ್ಲೇ. ಅದನ್ನು ನೋಡಲು ದೂರದರ್ಶಕವೂ ಬೇಕಿರಲಿಲ್ಲ. ಚಿಕ್ಕ ಮೋಡದ ಪಕ್ಕದ ಮಸುಕು ಚುಕ್ಕೆ, 47 ಟುಕಾನೆ, ನಮ್ಮ ಆಕಾಶಗಂಗೆಗೇ ಸೇರಿದ ನಕ್ಷತ್ರಗುಚ್ಛ. ಬೈನಾಕ್ಯುಲರ್‌ನಲ್ಲಿ ಅದು ಹತ್ತಿಯ ಉಂಡೆಯಂತೆ ಕಾಣುತ್ತದೆ.

ನೆತ್ತಿಯ ಬಳಿ 25 ಜ್ಯೋತಿರ್ವರ್ಷ ದೂರದ ಫೋಮಲ್‌ಹಾಟ್ ಒಂಟಿಯಾಗಿ ಹೊಳೆಯುತ್ತದೆ. ಉತ್ತರದಲ್ಲಿ ಪೆಗಾಸಸ್‌ನ ಚೌಕವಿದೆ, ಭಾರತೀಯರ ಕಣ್ಣಿಗೆ ತಲೆಕೆಳಗಾಗಿ. ಆಗ್ನೇಯದಲ್ಲಿ ಎತ್ತರದಲ್ಲಿರುವ ಅಖರ್ನಾರ್ ತನ್ನ ಸುತ್ತ ತಾನೇ ಅತಿವೇಗದಿಂದ ತಿರುಗಿ ಚಪ್ಪಟೆಯಾದ ನಕ್ಷತ್ರ. ಅದರ ಕೆಳಗೆ ಅಗಸ್ತ್ಯ ಮೇಲೇರುತ್ತಿರುತ್ತದೆ. ಇವೆರಡೂ ತಮ್ಮ ತಮ್ಮ ಕಾಲದಲ್ಲಿ ಕರ್ನಾಟಕದಿಂದಲೂ ಕಾಣಸಿಗುತ್ತವೆ. ಮೆಜೆಲನ್ ಮೋಡಗಳು ಮಾತ್ರ ಇಲ್ಲಿನ ದಿಗಂತದ ಮಬ್ಬಿನಲ್ಲಿ ಕರಗಿಹೋಗುತ್ತವೆ.

ಸಿಡ್ನಿಯ ಬೀದಿದೀಪಗಳೂ ಅವನ್ನು ನುಂಗಿಬಿಡುತ್ತವೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಆಚೆಗೆ ಹೋಗಿ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಕಾಯುವುದು ಲೇಸು.