ದೇಶಸಂಕೇತ ಡೊಮೇನ್ ಹೆಸರುಗಳು: ಆಯ್ಕೆ ಮತ್ತು ಅಪಾಯದ ಚರಿತ್ರೆ

ಜಾಲತಾಣದ ವಿಳಾಸದ ತುದಿಯಲ್ಲಿ ನಿಂತು ಒಂದು ದೇಶವನ್ನೋ ಪ್ರಾಂತ್ಯವನ್ನೋ ಸೂಚಿಸುವ ಎರಡಕ್ಷರದ ಗುರುತೇ ದೇಶಸಂಕೇತ ಡೊಮೇನ್. ಭಾರತದ್ದು ಡಾಟ್ ಇನ್, ಬ್ರಿಟನ್ನಿನದು ಡಾಟ್ ಯುಕೆ, ಟುವಾಲು ದ್ವೀಪಗಳದು ಡಾಟ್ ಟಿವಿ. ಇವುಗಳಲ್ಲಿ ಮೊದಲಿನವು ಬಳಕೆಗೆ ಬಂದದ್ದು 1985ರಲ್ಲಿ. ಯಾವುದು ದೇಶ, ಯಾವುದು ಅಲ್ಲ ಎಂದು ಹೇಳುವ ಉಸಾಬರಿ ತಮಗೆ ಬೇಡವೆಂದು ಆಗ ಈ ಸಂಕೇತಗಳ ಹಂಚಿಕೆ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಐಎಸ್ಒ 3166 ಎಂಬ ದೇಶಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡರು. 1994ರ ಆರ್ಎಫ್‌ಸಿ 1591 ದಾಖಲೆ ಅದನ್ನು ಬರೆದಿಟ್ಟಿತು. ಜಾಣ ನಿರ್ಧಾರವೇ ಸರಿ. ಆದರೆ ಅಪಾಯದ ಬೇರೂ ಅಲ್ಲೇ ಇದೆ. ಭೂಪಟ ಬದಲಾದರೆ ಪಟ್ಟಿ ಬದಲಾಗುತ್ತದೆ, ಪಟ್ಟಿ ಬದಲಾದರೆ ಅದನ್ನು ನಂಬಿದ ವಿಳಾಸಗಳೂ ಅಲುಗಾಡುತ್ತವೆ.

ಕಂಪ್ಯೂಟರು ವಿಳಾಸವನ್ನು ಬಲದಿಂದ ಎಡಕ್ಕೆ ಓದುತ್ತದೆ. ಡಾಟ್ ಇನ್ ಎಂದು ಮುಗಿಯುವ ಹೆಸರನ್ನು ಕೇಳಿದಾಗ ಮೊದಲ ಪ್ರಶ್ನೆ ಮೂಲ ಸರ್ವರುಗಳಿಗೆ ಹೋಗುತ್ತದೆ: ಡಾಟ್ ಇನ್ ಯಾರ ಬಳಿ ಇದೆ? ಆ ಉತ್ತರ ಹಿಡಿದು ಎರಡನೆಯ ಪ್ರಶ್ನೆ ಭಾರತದ ನೋಂದಣಿ ಸರ್ವರಿಗೆ, ಮೂರನೆಯದು ತಾಣದ ಒಡೆಯರ ಸರ್ವರಿಗೆ. ಮೊದಲ ಮೆಟ್ಟಿಲಲ್ಲೇ ಉತ್ತರ ಸಿಗದಿದ್ದರೆ ಮುಂದಿನದೆಲ್ಲ ಸುಸ್ಥಿತಿಯಲ್ಲಿದ್ದರೂ ಪುಟ ತೆರೆಯುವುದಿಲ್ಲ. ಯುಗೊಸ್ಲಾವಿಯದ ಡಾಟ್ ವೈಯುಗೆ ಆದದ್ದು ಇದೇ. ದೇಶ ಒಡೆದ ಎಷ್ಟೋ ವರ್ಷಗಳ ಮೇಲೆ, 2010ರ ಮಾರ್ಚ್ 30ರಂದು, ಅದನ್ನು ಮೂಲಪಟ್ಟಿಯಿಂದ ತೆಗೆದುಹಾಕಿದರು. ನೆದರ್ಲೆಂಡ್ಸ್ ಆಂಟಿಲೀಸ್ 2010ರಲ್ಲಿ ವಿಸರ್ಜನೆಯಾಯಿತು, ಅದರ ಡಾಟ್ ಎಎನ್ 2015ರಲ್ಲಿ ಹೋಯಿತು. ದೇಶ ಅಳಿಯಲೇಬೇಕೆಂದೇನೂ ಇಲ್ಲ, ನಿಯಮ ಬದಲಾದರೂ ಸಾಕು. ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂದಾಗ ಅಲ್ಲಿನ ವಿಳಾಸ ಕೊಟ್ಟು ಡಾಟ್ ಇಯು ಪಡೆದಿದ್ದವರು ಅರ್ಹತೆ ಕಳೆದುಕೊಂಡರು. 2021ರ ಜನವರಿಯಲ್ಲಿ ಅವರ ಹೆಸರುಗಳು ಅಮಾನತಾದವು. ಲಿಬಿಯ 2010ರಲ್ಲಿ ತನ್ನ ಕಾನೂನಿಗೆ ಒಗ್ಗದ ಒಂದು ಡಾಟ್ ಎಲ್‌ವೈ ತಾಣವನ್ನು ಕಿತ್ತುಕೊಂಡಿತು. ಪುಕ್ಕಟೆ ಸಿಗುತ್ತದೆಂದು ವಿದ್ಯಾರ್ಥಿಗಳು ಮುಗಿಬಿದ್ದಿದ್ದ ಮಾಲಿ, ಗ್ಯಾಬಾನ್‌ಗಳ ಹೆಸರುಗಳನ್ನು ಆ ದೇಶಗಳು 2023ರಲ್ಲಿ ಗುತ್ತಿಗೆದಾರನಿಂದ ವಾಪಸು ಪಡೆದವು. ಗ್ಯಾಬಾನ್‌ನಲ್ಲಿ ಲಕ್ಷಾಂತರ ಹೆಸರು ರದ್ದಾದವು. ಬಿಟ್ಟಿ ಸಿಕ್ಕಿದ್ದಕ್ಕೆ ಬಾಧ್ಯತೆ ಕೇಳುವಂತಿರಲಿಲ್ಲ.

ದೇಶದ ಮಟ್ಟದ ಈ ತೊಡಕನ್ನು ತಾಲ್ಲೂಕಿನ ಮಟ್ಟದಲ್ಲಿ ಕಾಣಬೇಕೆಂದರೆ ಹರಪನಹಳ್ಳಿಯನ್ನು ನೋಡಬೇಕು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಬಳ್ಳಾರಿಗಿದ್ದು ದಾವಣಗೆರೆಗಿಲ್ಲದ, ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯದ ಬೇಡಿಕೆಯ ಹಿನ್ನೆಲೆಯಲ್ಲಿ 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹೊಸಪೇಟೆಗಳ ಜೊತೆ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಇದ್ದಲ್ಲೇ ಇತ್ತು, ಜಿಲ್ಲೆ ಬದಲಾಯಿತು. ಜಿಲ್ಲಾಡಳಿತಗಳ ತಾಣಗಳು ಜಿಲ್ಲೆಯ ಹೆಸರಿನ ಮುಂದೆ ಎನ್ಐಸಿ ಡಾಟ್ ಇನ್ ಸೇರಿಸಿಕೊಂಡಿರುವುದರಿಂದ ತಾಲ್ಲೂಕಿನ ಮಾಹಿತಿ ಬೇಕಾದವರು ಒಮ್ಮೆ ದಾವಣಗೆರೆಯ ತಾಣಕ್ಕೆ, ಆಮೇಲೆ ಬಳ್ಳಾರಿಯದಕ್ಕೆ, ಈಗ ವಿಜಯನಗರದ್ದಕ್ಕೆ ಹೋಗಬೇಕು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾದದ್ದು ಬೇರೆ ಮಾತು. ಅಂಚೆ ಇಲಾಖೆ ಮಾತ್ರ ಈ ಓಡಾಟಕ್ಕೆ ಸಿಗಲಿಲ್ಲ: ದಾವಣಗೆರೆಯ ಪಿನ್ 577ರಿಂದ ಶುರುವಾದರೂ ಹರಪನಹಳ್ಳಿಯ ಪಿನ್ ಬಳ್ಳಾರಿ ಸೀಮೆಯ 583131 ಆಗಿಯೇ ಉಳಿಯಿತು. ಆಡಳಿತದ ಗಡಿಗೆ ಕಟ್ಟಿದ ವಿಳಾಸಕ್ಕೂ ಅದಕ್ಕೆ ಜೋತುಬೀಳದ ವಿಳಾಸಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಡಾಟ್ ಇನ್ ಕೂಡ ಬೇಡವೇ? ಹಾಗೆನ್ನಲಾಗದು. ಅದು 1989ರಲ್ಲೇ ಭಾರತಕ್ಕೆ ದಕ್ಕಿದರೂ ಮುಂಬೈನ ಎನ್‌ಸಿಎಸ್‌ಟಿ ಎಂಬ ಸಂಸ್ಥೆಯ ಕೈಯಲ್ಲಿ ಬಿಗಿ ನಿಯಮಗಳ ನಡುವೆ ಬಹಳ ಕಾಲ ಬಡಕಲಾಗಿಯೇ ಇತ್ತು. 2005ರ ಜನವರಿಯಲ್ಲಿ ನಿಕ್ಸಿ ಸಂಸ್ಥೆಯಡಿ ಮುಕ್ತವಾದ ಮೇಲೆ ಸಾಮಾನ್ಯರಿಗೂ ಎಟುಕಿತು. ಹಾಗಿದ್ದೂ ಕನ್ನಡದ ದೊಡ್ಡ ಪತ್ರಿಕೆಗಳಾದ ಪ್ರಜಾವಾಣಿ ಡಾಟ್ ನೆಟ್‌ನಲ್ಲೂ ಉದಯವಾಣಿ ಡಾಟ್ ಕಾಂನಲ್ಲೂ ನೆಲೆಸಿವೆ. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಕೂಡ ಈಗ ಉಂಟು, ಬಳಕೆ ಮಾತ್ರ ವಿರಳ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಹುಟ್ಟಿದ ಕಣಜ ಜ್ಞಾನಕೋಶ ಮೊದಲು ಡಾಟ್ ಇನ್‌ನಲ್ಲಿತ್ತು, ಆಮೇಲೆ ರಾಜ್ಯ ಸರ್ಕಾರದ ಜಿಒವಿ ಡಾಟ್ ಇನ್ ಅಡಿಗೆ ಬಂತು. ಹಳೆಯ ವಿಳಾಸವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟ ಪ್ರಬಂಧಗಳು ಅಚ್ಚಾಗಿಬಿಟ್ಟಿವೆ, ಅವನ್ನು ತಿದ್ದುವವರಿಲ್ಲ. ಇಲ್ಲಿ ದೇಶಸಂಕೇತದ್ದು ತಪ್ಪಲ್ಲ. ಒಡೆತನ ಬದಲಾದರೂ ಹೆಸರು ಬದಲಾಗುತ್ತದೆ.

ಡಾಟ್ ಕಾಂ ತಾನೇ ಎಷ್ಟು ಸುರಕ್ಷಿತ ಎಂಬ ಆಕ್ಷೇಪಕ್ಕೆ ತೂಕವಿದೆ. ಅದರ ನಿರ್ವಾಹಕ ವೆರಿಸೈನ್ ಅಮೆರಿಕದ ಕಂಪನಿ. 2012ರಲ್ಲಿ ಬೋಡಾಗ್ ಎಂಬ ಜೂಜಿನ ತಾಣದ ಹೆಸರನ್ನು ಅಮೆರಿಕದ ಅಧಿಕಾರಿಗಳು ವೆರಿಸೈನ್ ಮೂಲಕವೇ ವಶಪಡಿಸಿಕೊಂಡರು. ಆದರೆ ಡಾಟ್ ಕಾಂ ನಡೆಸುವವರನ್ನು ಡೊಮೇನ್ ಹೆಸರುಗಳ ಜಾಗತಿಕ ಮೇಲ್ವಿಚಾರಣಾ ಸಂಸ್ಥೆ ಐಕಾನ್ ಜೊತೆಗಿನ ಕರಾರು ಕಟ್ಟಿಹಾಕಿದೆ. ದೇಶಸಂಕೇತಗಳಲ್ಲಿ ಬೆಲೆ, ಅರ್ಹತೆ, ವ್ಯಾಜ್ಯ ಎಲ್ಲವೂ ಬಹುಮಟ್ಟಿಗೆ ಆಯಾ ದೇಶದ ಮರ್ಜಿ. ಸೋವಿಯತ್ ಒಕ್ಕೂಟ ಹೋದರೂ ಡಾಟ್ ಎಸ್‌ಯು ಉಳಿದಿಲ್ಲವೇ ಎಂದೂ ಕೇಳುವವರಿದ್ದಾರೆ. ಉಳಿದಿದೆ, ಆದರೆ ಅದು ಅಪವಾದ. ಪಟ್ಟಿಯಿಂದ ಬಿದ್ದ ಸಂಕೇತಕ್ಕೆ ಐದು ವರ್ಷದ ಗಡುವು, ಬೇಕಾದರೆ ಇನ್ನೈದು ವರ್ಷದ ವಿಸ್ತರಣೆ ಎಂದು ಐಕಾನ್ 2022ರಲ್ಲಿ ನಿಯಮ ಮಾಡಿದೆ. ಬೆಂಗಳೂರಿನ ನವೋದ್ಯಮಗಳು ಅಂದಕ್ಕೆ ಮೆಚ್ಚಿ ಹಾಕಿಕೊಳ್ಳುವ ಡಾಟ್ ಐಒ ಬ್ರಿಟನ್ನಿನ ಹಿಂದೂ ಮಹಾಸಾಗರ ಪ್ರಾಂತ್ಯದ್ದು. ಆ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸುವ ಒಪ್ಪಂದಕ್ಕೆ 2025ರ ಮೇ 22ರಂದು ಸಹಿ ಬಿದ್ದಿದೆ. ಹೆಸರು ನಾಳೆಯೇ ಹೋಗುವುದಿಲ್ಲ. ಹಾಗಿದ್ದೂ ಯಾರದೋ ದ್ವೀಪದ ರಾಜಕೀಯವನ್ನು ಗಮನಿಸುತ್ತಿರಬೇಕಾದ ಹೊರೆ ಬೆಂಗಳೂರಿನ ಕಂಪನಿಯ ಹೆಗಲೇರಿದೆ.

ಸ್ವಂತ ದೇಶದ ಸಂಕೇತದಲ್ಲಿ ಈ ಹೊರೆ ಬಹಳ ಕಡಿಮೆ, ಏಕೆಂದರೆ ಅಲ್ಲಿನ ಕಾನೂನು ಹೇಗೂ ನಮ್ಮ ಮೇಲಿದೆ, ನ್ಯಾಯಾಲಯವೂ ಹತ್ತಿರದಲ್ಲಿದೆ. ಬಿಗಿ ನಿಯಂತ್ರಣ ಅನುಕೂಲವಾಗುವುದೂ ಉಂಟು: ವಂಚಕರ ನಕಲಿ ತಾಣಗಳನ್ನು ತಡೆಯಲು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಬ್ಯಾಂಕ್ ಡಾಟ್ ಇನ್‌ಗೆ ಬರುವಂತೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಹರಪನಹಳ್ಳಿಯ ಶಾಲೆಗೋ ಕೊಟ್ಟೂರಿನ ವರ್ತಕರಿಗೋ ಡಾಟ್ ಇನ್ ಸಾಕು. ಆದರೆ ಅದನ್ನು ಮಾಡಿಕೊಟ್ಟ ಸೈಬರ್ ಅಂಗಡಿಯವರ ಹೆಸರಲ್ಲಿ ಬಿಡದೆ ಸಂಸ್ಥೆಯ ಹೆಸರಲ್ಲೇ ನೋಂದಾಯಿಸಿಕೊಳ್ಳಬೇಕು, ನವೀಕರಣದ ಸೂಚನೆ ಬರುವ ಇಮೇಲ್ ಮತ್ತು ಫೋನ್ ಸಂಸ್ಥೆಯದೇ ಆಗಿರಬೇಕು, ಜಿಲ್ಲೆಯ ಹೆಸರನ್ನು ವಿಳಾಸದೊಳಗೆ ಸೇರಿಸದಿರುವುದು ಲೇಸು.