ಉಳಿದವರ ಪಾಲಿನ ಮೂಲಬೆಲೆ

ಗಂಡಹೆಂಡಿರು ಜಂಟಿಯಾಗಿ ಹೊಂದಿದ್ದ ಬಾಡಿಗೆಯ ಮನೆಯನ್ನು, ಒಬ್ಬರು ಕಾಲವಶರಾದ ತರುವಾಯ ಮತ್ತೊಬ್ಬರು ಮಾರಿದಾಗ, ಲಾಭವನ್ನು ಯಾವ ಬೆಲೆಯಿಂದ ಎಣಿಸತಕ್ಕದ್ದೆಂಬ ಪ್ರಶ್ನೆಗೆ ಅಮೆರಿಕದ ತೆರಿಗೆ ಕಾನೂನು ಒಂದು ಶತಮಾನದುದ್ದಕ್ಕೂ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಉತ್ತರಾಧಿಕಾರದಿಂದ ಬಂದ ಸ್ವತ್ತಿಗೆ ಮೃತರು ತೆತ್ತ ಕ್ರಯವಲ್ಲ, ಮರಣಕಾಲದ ಮಾರುಕಟ್ಟೆ ಬೆಲೆಯೇ ಮೂಲಬೆಲೆಯೆಂದು 1921ರ ಶಾಸನವು ವಿಧಿಸಿತು. ಆದರೆ ಜಂಟಿ ಒಡೆತನದಲ್ಲಿ ಹಕ್ಕು ಉಳಿದವರಿಗೆ ತಾನಾಗಿಯೇ ಸಲ್ಲುವುದರಿಂದ ಅದನ್ನು ಉತ್ತರಾಧಿಕಾರವೆನ್ನಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1933ರ ಲ್ಯಾಂಗ್ ಪ್ರಕರಣದಲ್ಲಿ ತೀರ್ಮಾನಿಸಿ, ದಂಪತಿಗಳಿಗೆ ಆ ಬಾಗಿಲನ್ನು ಮುಚ್ಚಿತು.

ದಾಂಪತ್ಯಕಾಲದ ಗಳಿಕೆಯನ್ನು ಉಭಯರ ಸಮಷ್ಟಿ ಸ್ವತ್ತೆಂದು ಬಗೆಯುವ ಕ್ಯಾಲಿಫೋರ್ನಿಯ, ಟೆಕ್ಸಸ್ ಮೊದಲಾದ ಸಂಸ್ಥಾನಗಳಲ್ಲಿ, ಮೃತರ ಅರ್ಧಕ್ಕೂ ಬದುಕಿರುವವರ ಅರ್ಧಕ್ಕೂ ಮರಣಕಾಲದ ಹೊಸ ಬೆಲೆಯನ್ನು 1948ರ ಶಾಸನವು ಅನುಗ್ರಹಿಸಿತು. ಇತರರಿಗೆ 1954ರ ತೆರಿಗೆ ಸಂಹಿತೆಯಿಂದ ದೊರೆತದ್ದು ಷರತ್ತಿನ ಉಪಕಾರ: ಸ್ವತ್ತಿನ ಎಷ್ಟಂಶವು ಮೃತರ ಎಸ್ಟೇಟಿಗೆ, ಅಂದರೆ ಮರಣಾನಂತರ ತೆರಿಗೆಗೆ ಲೆಕ್ಕ ಹಿಡಿಯುವ ಆಸ್ತಿಗೆ, ಸೇರುವುದೋ ಅಷ್ಟಂಶಕ್ಕೆ ಮಾತ್ರ ಹೊಸ ಬೆಲೆ, ಬದುಕುಳಿದವರು ಮೊದಲೇ ಪಡೆದಿದ್ದ ಸವಕಳಿಯನ್ನು ಅದರಲ್ಲಿ ಕಳೆಯತಕ್ಕದ್ದು.

ಆ ಅಂಶವನ್ನು ನಿರ್ಣಯಿಸುತ್ತಿದ್ದುದು ಹಣ ಕೊಟ್ಟವರಾರೆಂಬ ಪ್ರಶ್ನೆ. ಗಂಡನ ಸಂಪಾದನೆಯಿಂದ ಕೊಂಡ ಮನೆಯು ಸಂಪೂರ್ಣವಾಗಿ ಗಂಡನದೆಂದೇ ಪರಿಗಣಿತವಾಗುತ್ತಿತ್ತು. ಜೀವಮಾನವೆಲ್ಲ ಸಂಸಾರ ನಡೆಸಿದ ಗೃಹಿಣಿಯ ದುಡಿಮೆಗೆ ಕಾಸಿನ ಬೆಲೆಯನ್ನೂ ಕಟ್ಟದ ಈ ನಿಯಮವು ಅನ್ಯಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದಾಗ್ಯೂ ಮಾರುವ ಕಾಲಕ್ಕೆ ಇಡೀ ಮನೆಗೆ ಹೊಸ ಬೆಲೆಯನ್ನು ತಂದುಕೊಟ್ಟದ್ದೂ ಅದೇ. ಹಣ ಯಾರದಾದರೂ ಅರ್ಧ ಆಕೆಯದೆಂದು 1976ರಲ್ಲಿ ಮೊದಲಿಟ್ಟು 1981ರಲ್ಲಿ ಪೂರ್ಣವಾಗಿ ಒಪ್ಪಿದ ಕಾಂಗ್ರೆಸ್ಸು, ಗೌರವವನ್ನು ಕೊಟ್ಟ ಕೈಯಿಂದಲೇ ಹೊಸ ಬೆಲೆಯನ್ನು ಅರ್ಧಕ್ಕಿಳಿಸಿತು. 1955ರಲ್ಲಿ ಪತಿಯೊಡನೆ ಜಂಟಿಯಾಗಿ ಭೂಮಿ ಕೊಂಡು, 1987ರಲ್ಲಿ ವಿಧವೆಯಾದ ಮಹಿಳೆಯೊಬ್ಬರು, ತಮ್ಮ ಒಡೆತನವು ಅರ್ಧಾಂಶದ ನಿಯಮ ಜಾರಿಗೆ ಬಂದ 1977ಕ್ಕೆ ಹಿಂದಿನದಾದ್ದರಿಂದ ಹಳೆಯ ನಿಯಮವೇ ಅನ್ವಯಿಸಬೇಕೆಂದು ವಾದಿಸಿ, ಗ್ಯಾಲನ್‌ಸ್ಟೈನ್ ಪ್ರಕರಣವೆಂದು ಪ್ರಸಿದ್ಧವಾದ 1992ರ ತೀರ್ಪಿನಲ್ಲಿ ಪೂರ್ಣ ಬೆಲೆಯನ್ನು ಪಡೆದರು.

ಹೊಸ ಬೆಲೆಯ ಪದ್ಧತಿಯನ್ನೇ ಕೈಬಿಟ್ಟು, ವಾರಸುದಾರರಿಗೆ ಮೃತರ ಹಳೆಯ ಬೆಲೆಯನ್ನೇ ಮುಂದುವರಿಸುವ 1976ರ ಇನ್ನೊಂದು ಪ್ರಯತ್ನವು ಬೇರೂರುವ ಮುನ್ನವೇ 1980ರಲ್ಲಿ ರದ್ದಾಯಿತು.

ಇಂದಿನ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡೋಣ. 2,00,000 ಡಾಲರಿಗೆ ಕೊಂಡು, 80,000 ಡಾಲರು ಸವಕಳಿ ಪಡೆದ ಮನೆಯು ಮರಣದಿನದಂದು 6,00,000 ಬಾಳುತ್ತಿದ್ದರೆ, ಸಮಷ್ಟಿ ಸ್ವತ್ತಾದಲ್ಲಿ ಮೂಲಬೆಲೆ 6,00,000. ಅನ್ಯತ್ರ ದಂಪತಿಗಳ ಜಂಟಿ ಸ್ವತ್ತಾದಲ್ಲಿ 3,00,000 ಮತ್ತು ಹಳೆಯ ಅರ್ಧದ 60,000, ಒಟ್ಟು 3,60,000. ಹೊಸ ಬೆಲೆ ಪಡೆದ ಭಾಗದ ಕಟ್ಟಡಕ್ಕೆ 27.5 ವರ್ಷಗಳ ಸವಕಳಿ ಹೊಸದಾಗಿ ಆರಂಭವಾಗುವುದು, ಹಳೆಯ ಭಾಗದ್ದು ತನ್ನ ಪಾಡಿಗೆ ನಡೆಯುವುದು. ಸಂಸ್ಥಾನದ ಗಡಿಯೊಂದರಿಂದ ಇಷ್ಟು ಅಂತರವುಂಟಾಗುವುದನ್ನು ಸಮರ್ಥಿಸುವ ಯುಕ್ತಿ ನನಗೆ ತೋರದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಗಮನಿಸಬೇಕಾದ ಅಂಶ ಇನ್ನೊಂದುಂಟು. ಬದುಕುಳಿದವರು ಅಮೆರಿಕದ ಪ್ರಜೆಯಲ್ಲದಿದ್ದರೆ, 1988ರ ತಿದ್ದುಪಡಿಯ ಮೇರೆಗೆ ಅರ್ಧಾಂಶದ ನಿಯಮ ಸಲ್ಲದು; ಹಣ ಕೊಟ್ಟವರಾರೆಂಬ ಹಳೆಯ ಪ್ರಶ್ನೆಯೇ ಮರಳುವುದು. ಆದುದರಿಂದ ಕ್ರಯಪತ್ರ, ಬ್ಯಾಂಕಿನ ದಾಖಲೆ, ಸವಕಳಿಯ ಪಟ್ಟಿಗಳನ್ನು ಇಬ್ಬರೂ ಇರುವಾಗಲೇ ಜೋಪಾನ ಮಾಡಿರಿ. ಮರಣದಿನದ ಬೆಲೆಯನ್ನು, ನೆಲಕ್ಕೂ ಕಟ್ಟಡಕ್ಕೂ ಪ್ರತ್ಯೇಕವಾಗಿ, ತಡಮಾಡದೆ ನುರಿತ ಮೌಲ್ಯಮಾಪಕರಿಂದ ಬರೆಯಿಸಿಕೊಳ್ಳಿರಿ.