ಮನೆಯ ಕಂಪ್ಯೂಟರಿಗೆ ಮಾತು ಬಂದ ಬಗೆ

ಮನುಷ್ಯರಾಡುವ ಭಾಷೆಯನ್ನು ಕಲಿಯಹೊರಟವನು ಆ ಭಾಷೆಯನ್ನು ಎಲ್ಲಿಂದಲೋ ಹೊತ್ತು ತಂದು ಮನೆಯೊಳಗೆ ನೆಲೆಗೊಳಿಸಬೇಕಾದ ಪ್ರಸಂಗವಿಲ್ಲ. ಅದು ಸುತ್ತಲಿನ ಜನರ ಬಾಯಲ್ಲಿ ಮೊದಲೇ ಇರುತ್ತದೆ. ಕಂಪ್ಯೂಟರಿನೊಡನೆ ವ್ಯವಹರಿಸಲು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಮಾತ್ರ ಈ ಕ್ರಮ ತಿರುವುಮುರುವಾಗಿದೆ. ಒಂದು ವಾಕ್ಯವನ್ನಾದರೂ ಬರೆಯುವ ಮುನ್ನ ಕಲಿಯುವವನು ಭಾಷೆಯನ್ನೇ ಸಂಪಾದಿಸಿ, ತನ್ನ ಯಂತ್ರದಲ್ಲಿ ಇರಿಸಿ, ಇರಿಸಿದ ಮೇಲೆ ಅದು ಇಂಥ ಸ್ಥಳದಲ್ಲಿದೆಯೆಂದು ಯಂತ್ರಕ್ಕೆ ತಿಳಿಯಹೇಳಬೇಕು. ಈ ಪೂರ್ವರಂಗದಲ್ಲಿಯೇ ಸೋತು ಹಿಂದಿರುಗಿದವರ ಸಂಖ್ಯೆ, ಭಾಷೆಯ ವ್ಯಾಕರಣ ಕಠಿನವೆಂದು ಕೈಬಿಟ್ಟವರ ಸಂಖ್ಯೆಗಿಂತ ಕಡಿಮೆಯಿರಲಾರದೆಂದು ನನ್ನ ಊಹೆ. ಆದರೂ ಭಾಷೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳ ಕರ್ತೃಗಳನ್ನೂ ಗುಣಾವಗುಣಗಳನ್ನೂ ವಿಸ್ತರಿಸಿ, ಈ ಹೊಸಿಲನ್ನು ಗಮನಿಸದೆಯೇ ದಾಟಿಹೋಗಿದ್ದಾರೆ.

ಬೇಸಿಕ್ ಎಂಬ ಭಾಷೆ ಹುಟ್ಟಿದಾಗ ಇಂಥ ಹೊಸಿಲೇ ಇರಲಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರಿನಲ್ಲಿರುವ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತಜ್ಞರು ವಿಜ್ಞಾನದ ಗಂಧವಿಲ್ಲದ ವಿದ್ಯಾರ್ಥಿಗಳಿಗೂ ಎಟಕುವಂತೆ ಅದನ್ನು ರೂಪಿಸಿದರು. 1964ನೆಯ ಇಸವಿ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅದರ ಮೊದಲ ಪ್ರೋಗ್ರಾಂ ಓಡಿತು. ಅಲ್ಲಿ ಯಂತ್ರವೊಂದೇ, ಅದಕ್ಕೆ ತಂತಿಯಿಂದ ಕೂಡಿಸಿದ ಟೆಲಿಟೈಪುಗಳು ಹಲವು. ವಿದ್ಯಾರ್ಥಿಯಾದವನು ಬಂದು ಕುಳಿತು ಟೈಪು ಮಾಡತೊಡಗಿದರೆ ಸಾಕು. ಭಾಷೆಯನ್ನು ಯಂತ್ರದಲ್ಲಿ ನೆಲೆಗೊಳಿಸುವ ಶ್ರಮವನ್ನು ಬೇರೆ ಯಾರೋ ಮೊದಲೇ ಪಟ್ಟಿರುತ್ತಿದ್ದರು. ಕಂಪ್ಯೂಟರು ಸಂಸ್ಥೆಯ ಸೊತ್ತಾಗಿದ್ದವರೆಗೂ ಇದೇ ವ್ಯವಸ್ಥೆ ನಡೆಯಿತು. ಅದು ಒಬ್ಬನ ಸ್ವಂತ ಮೇಜಿನ ಮೇಲೆ ಬಂದ ದಿನ ಆ ಶ್ರಮವೂ ಅವನ ಪಾಲಿಗೆ ಬಂದಿತು.

ಆ ದಿನವನ್ನು ಸಾಮಾನ್ಯವಾಗಿ 1975ರ ಜನವರಿಯಿಂದ ಎಣಿಸುವುದುಂಟು. ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ನಡೆಸುತ್ತಿದ್ದ ಮಿಟ್ಸ್ ಎಂಬ ಸಣ್ಣ ಕಂಪನಿಯ ಆಲ್ಟೇರ್ 8800 ಯಂತ್ರದ ಚಿತ್ರ ಆ ತಿಂಗಳ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ಸುಮಾರು 400 ಡಾಲರಿಗೆ ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡು ಬೆಸುಗೆ ಹಾಕಿ ಜೋಡಿಸಿದವನಿಗೆ ದೊರೆಯುತ್ತಿದ್ದುದು 256 ಬೈಟುಗಳಷ್ಟು ಮೆಮೊರಿಯುಳ್ಳ, ಕೀಲಿಮಣೆಯಾಗಲಿ ಪರದೆಯಾಗಲಿ ಇಲ್ಲದ, ಮುಂಭಾಗದಲ್ಲಿ ಸ್ವಿಚ್ಚುಗಳೂ ಕೆಂಪು ದೀಪಗಳೂ ಸಾಲಾಗಿ ನಿಂತ ಒಂದು ನೀಲಿ ಡಬ್ಬಿ. ಅದಕ್ಕೆ ಬೇಸಿಕ್ ಭಾಷೆಯನ್ನು ಒದಗಿಸುವೆವೆಂದು, ಒಂದು ಸಾಲನ್ನೂ ಬರೆಯುವುದಕ್ಕೆ ಮೊದಲೇ, ರಾಬರ್ಟ್ಸರಿಗೆ ಮಾತು ಕೊಟ್ಟವರು ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ತರುಣರು. ಅವರ ಬಳಿ ಆಲ್ಟೇರ್ ಯಂತ್ರವಿರಲಿಲ್ಲ. ಹಾರ್ವರ್ಡಿನ ದೊಡ್ಡ ಕಂಪ್ಯೂಟರಿನಲ್ಲಿ ಆಲೆನ್ ಆಲ್ಟೇರಿನ ಮಿದುಳಾದ ಇಂಟೆಲ್ 8080 ಚಿಪ್ಪಿನ ಅನುಕರಣವನ್ನು ಕಟ್ಟಿದರು. ಗೇಟ್ಸ್ ಭಾಷೆಯನ್ನು ಬರೆದರು. ದಶಮಾಂಶ ಗಣಿತದ ಭಾಗವನ್ನು ಮಾಂಟಿ ಡೇವಿಡಾಫ್ ಎಂಬ ಸಹಪಾಠಿ ಪೂರೈಸಿದನು. ಕಾಗದದ ಟೇಪಿನ ಸುರುಳಿಯನ್ನು ಹಿಡಿದು ಆಲೆನ್ ವಿಮಾನವೇರಿದ ಮೇಲೆ, ಆ ಟೇಪನ್ನು ಓದಿಕೊಳ್ಳೆಂದು ಯಂತ್ರಕ್ಕೆ ಹೇಳುವ ಪುಟ್ಟ ಪ್ರೋಗ್ರಾಮನ್ನೇ ಬರೆದಿಲ್ಲವೆಂಬುದು ನೆನಪಾಗಿ, ಇಳಿಯುವುದರೊಳಗಾಗಿ ಅದನ್ನು ಕಾಗದದ ಮೇಲೆ ಗೀಚಿ ಮುಗಿಸಿದರಂತೆ. ಭಾಷೆಯನ್ನು ಸಿದ್ಧಪಡಿಸಿದ್ದವರೇ ಅದನ್ನು ಇನ್‌ಸ್ಟಾಲ್ ಮಾಡುವ ವಿಧಾನವನ್ನು ಮರೆತಿದ್ದರೆಂಬ ಈ ಪ್ರಸಂಗ ನನಗೆ ಬಹು ಸೂಚಕವಾಗಿ ತೋರುತ್ತದೆ.

ಮನೆಯಲ್ಲಿ ಕುಳಿತ ಹವ್ಯಾಸಿ ಈ ಕಾರ್ಯವನ್ನು ಹೇಗೆ ನೆರವೇರಿಸಬೇಕಾಗಿತ್ತೆಂಬುದನ್ನು ಸ್ವಲ್ಪ ಸಮೀಪದಿಂದ ನೋಡೋಣ. ಮೊದಲು ಹೆಚ್ಚಿನ ಮೆಮೊರಿಯ ಹಲಗೆಗಳನ್ನು ಬೇರೆಯಾಗಿ ಕೊಳ್ಳಬೇಕು. ಮಿಟ್ಸ್ ಕಂಪನಿಯ ಆ ಹಲಗೆಗಳು ಕೆಡುವುದರಲ್ಲಿ ಹೆಸರಾಗಿದ್ದುವು. ಬಳಿಕ, ಆಲ್ಟೇರಿಗಿಂತಲೂ ಬೆಲೆಬಾಳುವ ಟೆಲಿಟೈಪ್ ಯಂತ್ರವೊಂದನ್ನು ಕೊಂಡೋ ಎರವಲು ತಂದೋ ಕೂಡಿಸಬೇಕು. ಆಮೇಲೆ, ಟೇಪನ್ನು ಓದಿಸುವ ಸುಮಾರು 20 ಬೈಟುಗಳ ಪೀಠಿಕಾ ಪ್ರೋಗ್ರಾಮನ್ನು ಮುಂಭಾಗದ ಸ್ವಿಚ್ಚುಗಳಿಂದಲೇ ಒಂದೊಂದಾಗಿ ಉಣಿಸಬೇಕು. ಅದರ ಮೊದಲ ಬೈಟು ಅಷ್ಟಮಾನ ಪದ್ಧತಿಯಲ್ಲಿ 041: ಎಂಟು ಸ್ವಿಚ್ಚುಗಳಲ್ಲಿ ಎಡದಿಂದ ಮೂರನೆಯದನ್ನೂ ಕಡೆಯದನ್ನೂ ಮೇಲಕ್ಕೆತ್ತಿ, ಉಳಿದ ಆರನ್ನು ಕೆಳಗಿರಿಸಿ, ಡಿಪಾಸಿಟ್ ಎಂಬ ಸ್ವಿಚ್ಚನ್ನು ಒಮ್ಮೆ ಒತ್ತಬೇಕು. ಮುಂದಿನ ಬೈಟಿಗೆ ಮತ್ತೆ ಎಂಟನ್ನೂ ಹೊಂದಿಸಿ ಡಿಪಾಸಿಟ್ ನೆಕ್ಸ್ಟ್ ಒತ್ತಬೇಕು. ಹೀಗೆ ಇಪ್ಪತ್ತೂ ಮುಗಿದ ಮೇಲೆ ಮೊದಲಿಗೆ ಮರಳಿ, ದೀಪಗಳ ಸಾಲನ್ನು ಕೈಪಿಡಿಯೊಡನೆ ತಾಳೆನೋಡಿ, ಟೆಲಿಟೈಪಿಗೆ ಟೇಪು ತೊಡಿಸಿ ಓಡಿಸಬೇಕು. ಆ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಮಾತ್ರ ಓದಬಲ್ಲುದು. ಅಂಗುಲಕ್ಕೆ ಹತ್ತು ಸಾಲು ರಂಧ್ರಗಳಂತೆ 4 ಕಿಲೋಬೈಟಿನ ಭಾಷೆಗೆ 34 ಅಡಿ ಉದ್ದದ ಟೇಪು ಬೇಕು. ಅದು ಖಟಖಟನೆ ಸಾಗಿ ಮುಗಿಯಲು ಸುಮಾರು ಏಳು ನಿಮಿಷ. ನಡುವೆ ಕಾಗದ ಜಾರಿದರೆ ಅಥವಾ ಮೆಮೊರಿ ಕೈಕೊಟ್ಟರೆ ಎಲ್ಲವೂ ಮೊದಲಿನಿಂದ. ವಿದ್ಯುತ್ತು ನಿಂತರಂತೂ ಕಲಿತುದೆಲ್ಲವನ್ನೂ ಯಂತ್ರ ಮರೆತುಬಿಡುತ್ತಿತ್ತು. ಇನ್‌ಸ್ಟಾಲ್ ಮಾಡುವುದೆಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಾಗಿರದೆ, ಪ್ರತಿದಿನದ ಆಹ್ನಿಕವಾಗಿದ್ದಿತು.

ಟೇಪು ಒಳಗಿಳಿದ ಮೇಲೂ ಯಂತ್ರ ಮೂರು ಪ್ರಶ್ನೆಗಳನ್ನು ಕೇಳುತ್ತಿತ್ತು. ಮೆಮೊರಿ ಎಷ್ಟು? ಟರ್ಮಿನಲ್ಲಿನ ಅಗಲವೆಷ್ಟು? ಮೂರನೆಯದು ಇಂದು ಕೇಳುವವರಿಗೆ ವಿಚಿತ್ರವೆನಿಸೀತು: ನಿನಗೆ ಸೈನ್ ಬೇಕೇ? ತ್ರಿಕೋಣಮಿತಿಯ ಆ ಸೌಕರ್ಯವನ್ನು ಬೇಡವೆಂದರೆ ಅದು ಆಕ್ರಮಿಸಿದ್ದ ಜಾಗ ತೆರವಾಗಿ ಕಲಿಯುವವನ ಸ್ವಂತ ಪ್ರೋಗ್ರಾಮಿಗೆ ದೊರೆಯುತ್ತಿತ್ತು. ನಾಲ್ಕು ಕಿಲೋಬೈಟಿನ ಯಂತ್ರದಲ್ಲಿ ಭಾಷೆ ಕುಳಿತ ಬಳಿಕ ಉಳಿಯುತ್ತಿದ್ದುದು ಸಾವಿರ ಬೈಟಿಗಿಂತಲೂ ಕಡಿಮೆಯಾದುದರಿಂದ, ಸೈನನ್ನು ತ್ಯಜಿಸುವುದು ಸಣ್ಣ ವಿಷಯವಾಗಿರಲಿಲ್ಲ. ಭಾಷೆಯ ಒಂದೊಂದು ಅಂಗಕ್ಕೂ ಬೆಲೆಯಿದೆಯೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತಿಳಿಸಿದ ಪ್ರಶ್ನೆ ಈಚಿನ ಯಾವ ಇನ್‌ಸ್ಟಾಲರಿನಲ್ಲಿಯೂ ನನಗೆ ಕಂಡಿಲ್ಲ.

ಬೆಲೆಯ ಮಾತು ಬಂದುದರಿಂದ ಅದರ ಜಗಳವನ್ನೂ ಹೇಳಬೇಕು. ಮೆಮೊರಿಯ ಹಲಗೆಗಳನ್ನು ಕೊಂಡವರಿಗೆ ಬೇಸಿಕ್ ಅಗ್ಗವಾಗಿಯೂ, ಭಾಷೆಯನ್ನಷ್ಟೇ ಬಯಸಿದವರಿಗೆ ಹಲವು ಪಟ್ಟು ದುಬಾರಿಯಾಗಿಯೂ ಇರುವಂತೆ ಮಿಟ್ಸ್ ಗೊತ್ತುಮಾಡಿತ್ತು. ಕ್ಯಾಲಿಫೋರ್ನಿಯದ ಹವ್ಯಾಸಿಗಳು ಇದನ್ನು ಒಪ್ಪಲಿಲ್ಲ. 1975ರಲ್ಲಿ ಪಾಲೋ ಆಲ್ಟೋದ ಹೋಟೆಲೊಂದರಲ್ಲಿ ನಡೆದ ಪ್ರದರ್ಶನದಿಂದ ಒಂದು ಟೇಪು ಕಾಣೆಯಾಗಿ, ಅದರ ನಕಲುಗಳು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಯಲ್ಲಿ ಕೈಯಿಂದ ಕೈಗೆ ಹಂಚಿಹೋದುವು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೊಂದು ಬಹಿರಂಗ ಪತ್ರವನ್ನು ಬರೆದು, ಆಲ್ಟೇರ್ ಇರುವವರಲ್ಲಿ ಹತ್ತಕ್ಕೊಬ್ಬರೂ ಬೇಸಿಕ್‌ಗೆ ಹಣ ತೆತ್ತಿಲ್ಲವೆಂದು ದೂರಿದರು. ಯಂತ್ರವೂ ಭಾಷೆಯೂ ಬೇರೆ ಬೇರೆ ಸರಕುಗಳೆಂಬ ತತ್ತ್ವ ಈ ಕಲಹದಲ್ಲಿ ಸ್ಥಿರವಾಯಿತೆಂದು ನಾನು ಎಣಿಸುತ್ತೇನೆ. ಅವು ಬೇರೆಯಾದುದರಿಂದಲೇ ಒಂದನ್ನು ಇನ್ನೊಂದರೊಳಗೆ ಇರಿಸುವ ಕೆಲಸವೂ ಉಳಿಯಿತು.

ಹವ್ಯಾಸಿಗಳ ಕಡೆಯಿಂದ ಬಂದ ಉತ್ತರವೂ ಗಣನೀಯವಾದುದೇ. ಪೀಪಲ್ಸ್ ಕಂಪ್ಯೂಟರ್ ಕಂಪನಿಯ ಪತ್ರಿಕೆಯಲ್ಲಿ ಡೆನಿಸ್ ಆಲಿಸನ್ ಟೈನಿ ಬೇಸಿಕ್ ಎಂಬ ಕಿರುಭಾಷೆಯ ನಕ್ಷೆಯನ್ನು ಪ್ರಕಟಿಸಿದರು. ಓದುಗರು ತಂತಮ್ಮ ಯಂತ್ರಗಳಿಗೆ ಅದನ್ನು ಬರೆದು ಕಳುಹಿಸಿದರು. 1976ರಲ್ಲಿ ಹುಟ್ಟಿದ ಡಾಕ್ಟರ್ ಡಾಬ್ಸ್ ಜರ್ನಲ್ ಅವನ್ನು ಪುಟಪುಟವಾಗಿ ಅಚ್ಚುಹಾಕಿತು. ಟಾಮ್ ಪಿಟ್‌ಮನ್ ತಾನು ಬರೆದುದನ್ನು 5 ಡಾಲರಿಗೆ ಮಾರಿದನು. 1977ರ ಮೇ ತಿಂಗಳಲ್ಲಿ ಇಂಟರ್‌ಫೇಸ್ ಏಜ್ ಎಂಬ ಪತ್ರಿಕೆ ತನ್ನ ಸಂಚಿಕೆಯೊಳಗೆ ತೆಳು ಪ್ಲಾಸ್ಟಿಕ್ಕಿನ ಗ್ರಾಮೋಫೋನ್ ತಟ್ಟೆಯೊಂದನ್ನು ಹೊಲಿದು ಕೊಟ್ಟಿತು. ಅದರಲ್ಲಿ ಸಂಗೀತವಿರಲಿಲ್ಲ, ಎರಡು ಸ್ಥಾಯಿಗಳ ಕೀರಲು ಧ್ವನಿಯ ರೂಪದಲ್ಲಿ 6800 ಚಿಪ್ಪಿಗೆಂದು ಬರೆದ ಇಡಿಯ ಬೇಸಿಕ್ ಭಾಷೆಯಿದ್ದಿತು. ತಟ್ಟೆಯನ್ನು ಮುಳ್ಳಿನ ಕೆಳಗೆ ತಿರುಗಿಸಿ, ಆ ಧ್ವನಿಯನ್ನು ಕಂಪ್ಯೂಟರಿಗೆ ಕೇಳಿಸಿದರೆ ಭಾಷೆ ನೆಲೆಗೊಳ್ಳುತ್ತಿತ್ತು. ಇದೇ ತತ್ತ್ವವನ್ನು ಸಾಮಾನ್ಯ ಕ್ಯಾಸೆಟ್ಟು ಹೆಚ್ಚು ವಿಧೇಯವಾಗಿ ನಡೆಸಿಕೊಟ್ಟಿತು. ಸ್ಟೀವ್ ವೋಜ್ನಿಯಾಕ್ ಆಪಲ್ 1 ಯಂತ್ರಕ್ಕೆಂದು ಕೈಯಾರೆ ಬರೆದ ಬೇಸಿಕ್, ಕ್ಯಾಸೆಟ್ಟಿನಿಂದ ಅರ್ಧ ನಿಮಿಷದಲ್ಲಿ ಒಳಗಿಳಿಯುತ್ತಿತ್ತು. ರೆಕಾರ್ಡರಿನ ಧ್ವನಿಯ ಗುಂಡಿ ತುಸು ಹೆಚ್ಚಾದರೂ ಕಡಿಮೆಯಾದರೂ ಇಳಿಯುತ್ತಿರಲಿಲ್ಲವೆಂಬುದು ಬೇರೆ ಮಾತು.

1977ರಲ್ಲಿ ಆಪಲ್ 2, ಕೊಮೊಡೋರ್ ಪೆಟ್, ಟಿಆರ್‌ಎಸ್ 80 ಎಂಬ ಮೂರು ಯಂತ್ರಗಳು ಪೇಟೆಗೆ ಬಂದುವು. ಮೂರರಲ್ಲಿಯೂ ಬೇಸಿಕ್ ಭಾಷೆ ಅಳಿಸಲಾಗದ ರಾಮ್ ಚಿಪ್ಪಿನಲ್ಲಿ—ಬರೆಯಲು ಬರುವ ರ್‍ಯಾಮ್ ಅಲ್ಲ, ಓದಲು ಮಾತ್ರ ಬರುವ ರಾಮ್—ಅಚ್ಚೊತ್ತಿದಂತೆ ಕುಳಿತಿತ್ತು. ಪೆಟ್ ಮತ್ತು ಟಿಆರ್‌ಎಸ್ 80 ಯಂತ್ರಗಳಲ್ಲಿ ಸ್ವಿಚ್ಚು ಹಾಕಿದೊಡನೆ ಪರದೆಯ ಮೇಲೆ ರೆಡಿ ಎಂಬ ಪದ ಮೂಡುತ್ತಿತ್ತು. ಇನ್‌ಸ್ಟಾಲ್ ಮಾಡುವ ಪ್ರಶ್ನೆಯೇ ಏಳಲಿಲ್ಲ. ಮುಂದಿನ ಏಳೆಂಟು ವರ್ಷಗಳ ಮನೆಯ ಯಂತ್ರಗಳೆಲ್ಲವೂ ಬಹುಮಟ್ಟಿಗೆ ಈ ಮಾರ್ಗವನ್ನೇ ಹಿಡಿದುವು: ಇಂಗ್ಲೆಂಡಿನ ಸಿಂಕ್ಲೇರ್, ಕೊಮೊಡೋರ್ 64, ಬಿಬಿಸಿ ಪ್ರಸಾರ ಸಂಸ್ಥೆ ತನ್ನ ಶಿಕ್ಷಣ ಕಾರ್ಯಕ್ರಮಕ್ಕಾಗಿ ಏಕಾರ್ನ್ ಕಂಪನಿಯಿಂದ ಮಾಡಿಸಿದ ಬಿಬಿಸಿ ಮೈಕ್ರೋ. 1984ರಲ್ಲಿ ಭಾರತ ಸರಕಾರ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದುದೂ ಈ ಬಿಬಿಸಿ ಮೈಕ್ರೋಗಳೇ. ಸೋಫಿ ವಿಲ್ಸನ್ ಬರೆದ ಅದರ ಬೇಸಿಕ್ ಆ ಕಾಲದ ಅತ್ಯುತ್ತಮ ಬೇಸಿಕ್‌ಗಳಲ್ಲೊಂದು.

ಆ ಕಾಲವನ್ನು ಅನುಭವಿಸಿದವರು ಅದನ್ನು ಕೃತಯುಗವೆಂಬಂತೆ ಸ್ಮರಿಸುವುದನ್ನು ನಾನು ಕೇಳಿದ್ದೇನೆ. ಹೊಸಬನಿಗೆ ಅಷ್ಟು ಸುಲಭವಾದ ಪ್ರವೇಶ ಮತ್ತೆ ದೊರೆತಿಲ್ಲವೆಂಬುದು ನಿಜ. ಆದರೆ ಆ ಸೌಲಭ್ಯ ದೊರೆತುದು ಆಯ್ಕೆಯನ್ನು ಒತ್ತೆಯಿಟ್ಟು. ಚಿಪ್ಪಿನಲ್ಲಿದ್ದ ಭಾಷೆ ಒಂದೇ. ಅದರಲ್ಲಿ ದೋಷವಿದ್ದರೆ ಚಿಪ್ಪನ್ನೇ ಬದಲಿಸಬೇಕು. ಪಾಸ್ಕಲ್ ಬೇಕು, ಸಿ ಬೇಕು ಎಂದವನು ಮತ್ತೆ ಕ್ಯಾಸೆಟ್ಟಿನ ಅಥವಾ ಫ್ಲಾಪಿಯ ಮೊರೆಹೋಗಲೇಬೇಕು. ಸಂಭಾಷಣೆಗೆ ಒಂದೇ ಭಾಷೆಯನ್ನುಳಿಸಿದ ಮೇಲೆ ಭಾಷೆಯನ್ನರಸುವ ತೊಂದರೆ ತಪ್ಪುವುದರಲ್ಲಿ ಆಶ್ಚರ್ಯವೇನಿದೆ?

ಫ್ಲಾಪಿಯ ಯುಗದ ಕೀರ್ತಿ ಬಹುಪಾಲು ಬೋರ್ಲೆಂಡ್ ಕಂಪನಿಗೆ ಸಲ್ಲಬೇಕು. ಆಂಡರ್ಸ್ ಹೈಲ್ಸ್‌ಬರ್ಗ್ ರಚಿಸಿದ ಟರ್ಬೋ ಪಾಸ್ಕಲನ್ನು ಅದು 1983ರಲ್ಲಿ 49.95 ಡಾಲರಿಗೆ ಮಾರಿತು. ಅದರಲ್ಲಿ ಬರೆಯುವ ಎಡಿಟರೂ ಭಾಷಾಂತರಿಸುವ ಕಂಪೈಲರೂ ಕೂಡಿ 40 ಕಿಲೋಬೈಟಿಗೂ ಕಡಿಮೆ ಜಾಗದಲ್ಲಿ ಅಡಗಿದ್ದುವು. ಆದರೆ ಅದೇ ವರ್ಷ, ಪಿಸಿ ಯಂತ್ರಗಳನ್ನು ನಡೆಸುತ್ತಿದ್ದ ಡಾಸ್ ವ್ಯವಸ್ಥೆಯ ಎರಡನೆಯ ಆವೃತ್ತಿ ಹಾರ್ಡ್ ಡಿಸ್ಕಿನಲ್ಲಿ ಡೈರೆಕ್ಟರಿಯೊಳಗೆ ಡೈರೆಕ್ಟರಿಯನ್ನಿಡುವ ಪದ್ಧತಿಯನ್ನು ತಂದಿತು. ಅಲ್ಲಿಂದ ಹೊಸಬನ ಕಷ್ಟದ ಸ್ವರೂಪವೇ ಬದಲಾಯಿತು. ಅದುವರೆಗೆ ಭಾಷೆಯನ್ನು ಒಳಗೆ ತರುವುದು ಕಷ್ಟವಾಗಿದ್ದಿತು. ಇನ್ನು ಮೇಲೆ, ಒಳಗೆ ಬಂದ ಭಾಷೆ ಎಲ್ಲಿದೆಯೆಂದು ತೋರಿಸುವುದು ಕಷ್ಟವಾಯಿತು. ಹೆಸರು ಹೇಳಿ ವಿಚಾರಿಸಿದರೆ ಜಗಲಿಯಲ್ಲಿ ಮಾತ್ರ ಇಣುಕಿನೋಡಿ, ಒಳಕೋಣೆಯಲ್ಲಿ ಕುಳಿತವರನ್ನು ಮನೆಯಲ್ಲಿಲ್ಲವೆಂದು ಹೇಳಿ ಕಳುಹಿಸುವ ಆಳಿನಂತೆ, ಡಾಸ್ ವ್ಯವಸ್ಥೆ ಆಗ ತೆರೆದಿದ್ದ ಡೈರೆಕ್ಟರಿಯನ್ನೂ ಪಾತ್ ಎಂಬ ಪಟ್ಟಿಯಲ್ಲಿ ನಮೂದಾದ ಸ್ಥಳಗಳನ್ನೂ ಮಾತ್ರ ಹುಡುಕಿ, ಅಂಥ ಆಜ್ಞೆಯನ್ನು ತಾನರಿಯೆನೆಂದು ಉತ್ತರ ಕೊಡುತ್ತಿತ್ತು.

ಕರ್ನಾಟಕದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದಿದವರಿಗೆ ಇದರ ಪರಿಚಯವಾದುದು 1987ರಲ್ಲಿ ಹೊರಬಂದ ಟರ್ಬೋ ಸಿ ಮತ್ತು ಅದರ ತಮ್ಮನಾದ ಟರ್ಬೋ ಸಿ ಪ್ಲಸ್ ಪ್ಲಸ್ ಮೂಲಕ. ಲ್ಯಾಬಿನ ಆ ನೀಲಿ ಪರದೆಯನ್ನು ಮರೆತವರು ವಿರಳ. ಲ್ಯಾಬಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಅದೇ ಟಿಸಿ ಎಂಬ ಡೈರೆಕ್ಟರಿಯನ್ನು ಫ್ಲಾಪಿಗಳಲ್ಲಿ ನಕಲು ಮಾಡಿ ಮನೆಗೆ ಒಯ್ದು, ಸಿ ಡ್ರೈವಿನ ಬದಲು ಡಿ ಡ್ರೈವಿನಲ್ಲಿ ಸುರಿದವನಿಗೆ, ಪಠ್ಯಪುಸ್ತಕದ ಮೊದಲ ಸಾಲಿನಲ್ಲಿಯೇ ಬರುವ ಎಸ್‌ಟಿಡಿಐಒ ಎಂಬ ಫೈಲನ್ನು ತೆರೆಯಲಾಗದೆಂಬ ದೂರು ಎದುರಾಗುತ್ತಿತ್ತು. ಆಪ್ಷನ್ಸ್ ಮೆನುವಿನಲ್ಲಿ ಡೈರೆಕ್ಟರೀಸ್ ಎಂಬುದನ್ನು ತೆರೆದು ಇನ್‌ಕ್ಲೂಡ್, ಲಿಬ್ ಎಂಬ ಎರಡು ವಿಳಾಸಗಳನ್ನು ತಿದ್ದಿದರೆ ಆ ದೂರು ಮಾಯ. ಚಿತ್ರ ಬಿಡಿಸಲು ಹೋದವನಿಗೆ ಬಿಜಿಐ ಡೈರೆಕ್ಟರಿಯ ವಿಳಾಸವನ್ನು ಪ್ರೋಗ್ರಾಮಿನಲ್ಲೇ ಬರೆಯಬೇಕೆಂಬ, ಅದರಲ್ಲಿಯೂ ಓರೆಗೀಟನ್ನು ಎರಡೆರಡು ಬಾರಿ ಹಾಕಬೇಕೆಂಬ ಮತ್ತೊಂದು ರಹಸ್ಯ ಕಾದಿರುತ್ತಿತ್ತು. ಪುಸ್ತಕದಲ್ಲಿರದ ಇಂಥ ವಿದ್ಯೆಗಳು ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ, ಲ್ಯಾಬಿನ ಸಹಾಯಕನಿಂದ ಇಬ್ಬರಿಗೂ, ಬಾಯಿಮಾತಿನಲ್ಲಿ ಇಳಿದುಬಂದುವು. 64 ಬಿಟ್ಟಿನ ವಿಂಡೋಸ್ ಇಂಥ ಹಳೆಯ ಪ್ರೋಗ್ರಾಮುಗಳನ್ನು ಓಡಿಸಲು ನಿರಾಕರಿಸಿದಾಗಲೂ ಪಾಠಕ್ರಮ ಕದಲದಿದ್ದುದರಿಂದ, ಡಾಸ್‌ಬಾಕ್ಸ್ ಎಂಬ ಅನುಕರಣ ಯಂತ್ರವನ್ನು ಮೊದಲು ಇನ್‌ಸ್ಟಾಲ್ ಮಾಡಿ, ಅದರ ಹೊಟ್ಟೆಯೊಳಗೆ ಟರ್ಬೋ ಸಿ ಯನ್ನು ಇರಿಸುವ ದ್ವಿಗುಣಿತ ಸಾಹಸವೂ ನಮ್ಮ ಮಕ್ಕಳ ಪಾಲಿಗೆ ಬಂದಿತು. ಹಳೆಯದರ ಮೇಲಿನ ಈ ನಿಷ್ಠೆಯನ್ನು ಮೆಚ್ಚುವುದು ನನ್ನಿಂದಾಗದು.

ಇಷ್ಟರಲ್ಲಿ ಬೇರೊಂದು ದಾರಿಯೂ ತೆರೆದಿತ್ತು. 1990ರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ, ಬೆಂಗಳೂರಿನ ಅತುಲ್ ಚಿಟ್ನಿಸರ ಉತ್ಸಾಹದಿಂದ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಸಿಡಿಗಳನ್ನು ಸಂಚಿಕೆಯೊಡನೆ ಓದುಗರಿಗೆ ತಲುಪಿಸಿತು. ಟೆಲಿಫೋನ್ ತಂತಿಯ ಮೂಲಕ ಇಳಿಸಿಕೊಳ್ಳುವುದು ಮನೆಯವರಿಗೆ ಅಸಾಧ್ಯವಾಗಿದ್ದ ಆ ದಿನಗಳಲ್ಲಿ ಸಿ, ಪರ್ಲ್, ಪೈಥಾನ್ ಮೊದಲಾದ ಭಾಷೆಗಳು ಒಂದೇ ತಟ್ಟೆಯಲ್ಲಿ, ಯಾರ ಹಂಗೂ ಇಲ್ಲದೆ, ಊರೂರಿಗೆ ಬಂದುವು.

ಇವುಗಳಲ್ಲಿ ಪೈಥಾನ್ ಇಂದು ಹೊಸಬರ ಭಾಷೆಯೆಂಬ ಪದವಿಗೆ ಏರಿದೆ. ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನಾ ಸಂಸ್ಥೆಯಲ್ಲಿ ಗೀಡೋ ವಾನ್ ರಾಸಮ್ 1989ರ ಕ್ರಿಸ್ಮಸ್ ರಜೆಯಲ್ಲಿ ಆರಂಭಿಸಿ 1991ರಲ್ಲಿ ಲೋಕಕ್ಕೆ ಬಿಟ್ಟ ಈ ಭಾಷೆಯನ್ನು ವಿಂಡೋಸ್ ಯಂತ್ರದಲ್ಲಿ ಇರಿಸಲು ಈಗ ಎರಡು ನಿಮಿಷ ಸಾಕು. ಆದರೆ ಇನ್‌ಸ್ಟಾಲರಿನ ಮೊದಲ ಪುಟದ ಅಡಿಯಲ್ಲಿ, ಪೈಥಾನನ್ನು ಪಾತ್ ಪಟ್ಟಿಗೆ ಸೇರಿಸಲೇ ಎಂದು ಕೇಳುವ ಪುಟ್ಟ ಚೌಕವೊಂದಿದೆ; ಮುಟ್ಟದೆ ಬಿಟ್ಟರೆ ಅದು ಖಾಲಿಯಾಗಿಯೇ ಉಳಿಯುತ್ತದೆ. ಅದಕ್ಕೆ ಗುರುತು ಹಾಕದೆ ಮುಂದುವರಿದ ಹುಡುಗಿ, ಎಲ್ಲವೂ ಯಶಸ್ವಿಯಾಯಿತೆಂಬ ಸಂದೇಶವನ್ನೋದಿ, ಕಪ್ಪು ಕಿಟಕಿಯಲ್ಲಿ ಪೈಥಾನ್ ಎಂದು ಟೈಪು ಮಾಡಿ, 1983ರ ಡಾಸ್ ಕೊಡುತ್ತಿದ್ದಂಥ ಉತ್ತರವನ್ನೇ ಬಹುಕಾಲ ಪಡೆಯುತ್ತಿದ್ದಳು.

ಸ್ವಿಚ್ಚು ಹಾಕಿದೊಡನೆ ಭಾಷೆ ಸಿದ್ಧವಾಗಿರುತ್ತಿದ್ದ ಯಂತ್ರಗಳನ್ನು ಮರಳಿ ತರಬೇಕೆಂದು ಕೇಂಬ್ರಿಜ್ಜಿನ ಎಬನ್ ಅಪ್ಟನ್ ಮತ್ತು ಅವರ ಸಂಗಡಿಗರು ಮಾಡಿದ ಪ್ರಯತ್ನದ ಫಲ 2012ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ. ಅಂಗೈಯಗಲದ ಆ ಹಲಗೆಯ ಬೆಲೆ ಆಗ 35 ಡಾಲರ್ ಇದ್ದಿತು. ಹೆಸರಿನ ಉತ್ತರಾರ್ಧ ಪೈಥಾನಿನಿಂದಲೇ ಬಂದುದು. ಅದರ ವ್ಯವಸ್ಥೆಯಲ್ಲಿ ಪೈಥಾನ್ ಮೊದಲೇ ಸೇರಿತ್ತು. ಆದರೆ ವ್ಯವಸ್ಥೆ ಇರಬೇಕಾಗಿದ್ದುದು ಪುಟ್ಟ ಮೆಮೊರಿ ಕಾರ್ಡಿನಲ್ಲಿ, ಆ ಕಾರ್ಡಿಗೆ ಅದನ್ನು ಬರೆಯಲು ಬೇಕಾಗಿದ್ದುದು ಇನ್ನೊಂದು ಕಂಪ್ಯೂಟರು. ಇನ್ನೊಂದಿಲ್ಲದ ಮನೆಯವರಿಗಾಗಿ ಅಂಗಡಿಗಳು ಬರೆದೇ ಇಟ್ಟ ಕಾರ್ಡುಗಳನ್ನು ಬೇರೆ ಬೆಲೆಗೆ ಮಾರತೊಡಗಿದುವು.